ಜಾನಿಸ್ ಜಾಪ್ಲಿನ್ ಮತ್ತು ಅಂಕಿತವಿಲ್ಲದ ಹಾಡುಗಳು

ಸಾಂಟಾ ಕ್ಲಾರಾ ಎಂದರೆ ನಮ್ಮಲ್ಲಿ ಹೆಚ್ಚಿನವರಿಗೆ ಇಂಟೆಲ್ ಕಂಪನಿ, ಎಲ್ ಕಮೀನೋ ರಸ್ತೆಯ ದೋಸೆ ಹೋಟೆಲುಗಳು, ರಜೆ ಬಂತೆಂದರೆ ಮಕ್ಕಳು ಹಟ ಹಿಡಿದು ಹೋಗುವ ಗ್ರೇಟ್ ಅಮೆರಿಕ. ಇಂಟೆಲ್ ಇನ್ನೂ ಹುಟ್ಟಿರದ 1964ರ ಜೂನ್ ತಿಂಗಳಲ್ಲಿ ಇದೇ ಊರಿನ ಒಂದು ಮನೆಯಲ್ಲಿ 21 ವರ್ಷದ ಹುಡುಗಿಯೊಬ್ಬಳು ಹಾಡಿನ ತಾಲೀಮು ನಡೆಸಿದ್ದಳು. ಪಕ್ಕದಲ್ಲಿ ಗಿಟಾರ್ ನುಡಿಸುತ್ತಿದ್ದವನು ಯೋರ್ಮಾ ಕೌಕೊನೆನ್, ಮುಂದೆ ಜೆಫರ್ಸನ್ ಏರ್‌ಪ್ಲೇನ್ ಎಂಬ ತಂಡದಲ್ಲಿ ಹೆಸರು ಮಾಡಿದವನು. ಟೇಪ್ ರೆಕಾರ್ಡರ್ ತಿರುಗುತ್ತಿತ್ತು. ಅದೇ ಕೋಣೆಯಲ್ಲಿ ಅವನ ಹೆಂಡತಿ ಏನನ್ನೋ ಟೈಪ್ ಮಾಡುತ್ತಿದ್ದಳು. ಆ ಟಕಟಕ ಶಬ್ದವೂ ಹಾಡಿನ ಜೊತೆಗೆ ಟೇಪಿನಲ್ಲಿ ಸೇರಿಹೋಯಿತು. ಹೀಗಾಗಿ ಅದಕ್ಕೆ ಟೈಪ್‌ರೈಟರ್ ಟೇಪ್ ಎಂದೇ ಹೆಸರು ಬಿತ್ತು. ಹಲವು ದಶಕ ಅಭಿಮಾನಿಗಳ ಕೈಯಿಂದ ಕೈಗೆ ದಾಟುತ್ತಿದ್ದ ಆ ಧ್ವನಿಮುದ್ರಣ ಅಧಿಕೃತವಾಗಿ ಹೊರಬಂದದ್ದು 2022ರಲ್ಲಿ.

ಆ ಹುಡುಗಿ ಜಾನಿಸ್ ಜಾಪ್ಲಿನ್. ದೊಡ್ಡವರನ್ನು ಬಹುವಚನದಲ್ಲಿ ಬರೆಯುವುದು ನಮ್ಮ ರೂಢಿ. ಆದರೆ ಜಾನಿಸ್ ತೀರಿಕೊಂಡಾಗ ಅವಳಿಗೆ ಬರೀ 27 ವರ್ಷ. ಆದ್ದರಿಂದ ಏಕವಚನದಲ್ಲೇ ಬರೆಯುತ್ತೇನೆ, ಓದುಗರು ಮನ್ನಿಸಬೇಕು.

ಆ ಟೇಪಿನಲ್ಲಿರುವ ಹಾಡುಗಳಲ್ಲಿ ಹೆಚ್ಚಿನವು ಹಳೆಯ ಬ್ಲೂಸ್ ಹಾಡುಗಳು. ಅವುಗಳಲ್ಲೊಂದು, ಕೈಯಲ್ಲಿ ಕಾಸಿಲ್ಲದಾಗ ಯಾರೂ ಗುರುತು ಹಿಡಿಯುವುದಿಲ್ಲ ಎಂಬ ಅರ್ಥದ ಹಾಡು. ಇದನ್ನು 1929ರಲ್ಲಿ ಬೆಸ್ಸಿ ಸ್ಮಿತ್ ಎಂಬ ಕಪ್ಪು ಗಾಯಕಿ ಹಾಡಿ ಪ್ರಸಿದ್ಧಗೊಳಿಸಿದ್ದರು. ಈ ಬೆಸ್ಸಿ ಸ್ಮಿತ್ ಅವರ ಹೆಸರನ್ನು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ.

ಬ್ಲೂಸ್ ಎಂದರೇನು ಎಂದು ಮನೆಯ ಹಿರಿಯರು ಕೇಳಿದರೆ ನಾನು ಕೊಡುವ ಉದಾಹರಣೆ ನಮ್ಮ ಬೀಸುವ ಕಲ್ಲಿನ ಪದ. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಹತ್ತಿ ಹೊಲದಲ್ಲಿ, ರೈಲುಹಳಿಯ ಕೆಲಸದಲ್ಲಿ ಬೆವರು ಸುರಿಸುತ್ತಿದ್ದ ಕಪ್ಪು ಜನರ ನಡುವೆ ಹುಟ್ಟಿದ ಹಾಡು ಇದು. ಗರತಿಯ ಹಾಡಿನ ತ್ರಿಪದಿಯ ಹಾಗೆ ಇದರ ಪದ್ಯವೂ ಸಾಮಾನ್ಯವಾಗಿ ಮೂರು ಸಾಲಿನದು. ಮೊದಲ ಸಾಲನ್ನೇ ಎರಡು ಸಲ ಹಾಡಿ, ಮೂರನೆಯ ಸಾಲಿನಲ್ಲಿ ಅದಕ್ಕೆ ಉತ್ತರ ಕೊಡುತ್ತಾರೆ. ಮೊದಲು ಕಟ್ಟಿದವರು ಯಾರೆಂದು ಎಷ್ಟೋ ಹಾಡುಗಳಿಗೆ ಗೊತ್ತೇ ಇಲ್ಲ. ಒಬ್ಬರು ಹಾಡಿದ್ದನ್ನು ಇನ್ನೊಬ್ಬರು ಹಾಡುವುದು, ಹಾಡುತ್ತಾ ಬದಲಿಸುವುದು ಅಲ್ಲಿ ಸಹಜ.

ಹೀಗೆ ಬೇರೆಯವರ ಹಾಡನ್ನು ಮತ್ತೊಬ್ಬರು ಹಾಡಿ ಧ್ವನಿಮುದ್ರಿಸಿದರೆ ಇಲ್ಲಿ ಅದನ್ನು ಕವರ್ ಎನ್ನುತ್ತಾರೆ. ಜಾನಿಸ್ ತಾನೇ ಬರೆದ ಹಾಡುಗಳೂ ಉಂಟು. ಆದರೆ ಅವಳ ಹೆಸರು ಹೇಳಿದೊಡನೆ ಜನರ ನಾಲಿಗೆಗೆ ಬರುವ ಹಾಡುಗಳಲ್ಲಿ ಹೆಚ್ಚಿನವು ಕವರ್‌ಗಳೇ. ಇದರಲ್ಲೇನು ವಿಶೇಷ ಎಂದು ನಮ್ಮವರಿಗೆ ಅನಿಸಬಹುದು. ಪುರಂದರದಾಸರ ಕೀರ್ತನೆಯನ್ನು ಎಂ. ಎಸ್. ಸುಬ್ಬುಲಕ್ಷ್ಮಿಯವರು ಹಾಡಿದ ರೀತಿ ಒಂದು, ಭೀಮಸೇನ ಜೋಶಿಯವರು ಹಾಡಿದ ರೀತಿ ಇನ್ನೊಂದು. ಅದನ್ನು ನಕಲು ಎಂದು ನಾವು ಯಾರೂ ಹೇಳುವುದಿಲ್ಲ. ಆದರೆ ಒಂದು ವ್ಯತ್ಯಾಸವಿದೆ. ದಾಸರ ಪದದ ಕೊನೆಯಲ್ಲಿ ಅಂಕಿತ ಇರುತ್ತದೆ. ಯಾರು ಹಾಡಲಿ, ಯಾವ ರಾಗದಲ್ಲಿ ಹಾಡಲಿ, ಪುರಂದರ ವಿಠಲ ಎಂದು ಹೇಳದೆ ಹಾಡು ಮುಗಿಯುವುದಿಲ್ಲ. ಬ್ಲೂಸ್ ಹಾಡಿಗೆ ಅಂಕಿತವಿಲ್ಲ. ಹಾಡು ಕೈ ಬದಲಾಯಿಸಿದಾಗ ಹೆಸರು ಹಿಂದೆಯೇ ಉಳಿದುಬಿಡುತ್ತದೆ. ಜಾನಿಸ್ ಬದುಕನ್ನು ಓದುವಾಗ ನನ್ನನ್ನು ಹೆಚ್ಚು ಕಾಡಿದ ಸಂಗತಿ ಇದು.

ಜಾನಿಸ್ ಹುಟ್ಟಿದ್ದು 1943ರ ಜನವರಿ 19ರಂದು, ಟೆಕ್ಸಸ್ ರಾಜ್ಯದ ಪೋರ್ಟ್ ಆರ್ಥರ್‌ನಲ್ಲಿ. ಸಮುದ್ರದ ದಡದ ಊರು, ಎಲ್ಲಿ ನೋಡಿದರೂ ತೈಲ ಶುದ್ಧೀಕರಣದ ಕಾರ್ಖಾನೆಗಳು. ತಂದೆ ಸೆತ್ ಜಾಪ್ಲಿನ್ ಟೆಕ್ಸಕೋ ಕಂಪನಿಯಲ್ಲಿ ಎಂಜಿನಿಯರ್. ತಾಯಿ ಡೊರೊತಿ ಒಂದು ಕಾಲೇಜಿನ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದರು. ಒಬ್ಬಳು ತಂಗಿ, ಒಬ್ಬ ತಮ್ಮ. ನಮ್ಮ ಮನೆಗಳಂತೆಯೇ ಓದಿಗೆ ಬೆಲೆ ಕೊಡುವ ಮಧ್ಯಮ ವರ್ಗದ ಮನೆ. ಹುಡುಗಿ ಚಿತ್ರ ಬರೆಯುತ್ತಿದ್ದಳು, ಗ್ರಂಥಾಲಯದಿಂದ ಪುಸ್ತಕ ತಂದು ಓದುತ್ತಿದ್ದಳು.

ಹೈಸ್ಕೂಲಿಗೆ ಬಂದ ಮೇಲೆ ಕಷ್ಟ ಶುರುವಾಯಿತು. ಮೈ ದಪ್ಪವಾಯಿತು, ಮುಖದ ತುಂಬ ಮೊಡವೆ ಎದ್ದಿತು. ಬಿಳಿಯರ ಮಕ್ಕಳಿಗೊಂದು, ಕಪ್ಪು ಮಕ್ಕಳಿಗೊಂದು ಎಂದು ಶಾಲೆಗಳೇ ಬೇರೆ ಬೇರೆಯಾಗಿದ್ದ ಕಾಲ ಅದು. ಎಲ್ಲರೂ ಒಟ್ಟಿಗೆ ಓದಬೇಕು ಎಂದು ಜಾನಿಸ್ ಹೇಳಿದ್ದಕ್ಕೆ ಸಹಪಾಠಿಗಳು ಅವಳನ್ನು ಕೆಟ್ಟ ಹೆಸರುಗಳಿಂದ ಕರೆದು ಹಂಗಿಸಿದರು. ಓರಗೆಯ ಹುಡುಗರ ಒಂದು ಸಣ್ಣ ಗುಂಪು ಮಾತ್ರ ಅವಳ ಜೊತೆಗಿತ್ತು. ಅವರ ಹತ್ತಿರ ಬೆಸ್ಸಿ ಸ್ಮಿತ್, ಮಾ ರೇನಿ, ಲೆಡ್ ಬೆಲಿ ಇವರ ಗ್ರಾಮಫೋನ್ ತಟ್ಟೆಗಳಿದ್ದವು. ಅವುಗಳನ್ನು ಕೇಳುತ್ತಾ ಕೇಳುತ್ತಾ ಒಂದು ದಿನ ಅದೇ ರೀತಿ ಹಾಡಲು ತನಗೂ ಬರುತ್ತದೆ ಎಂದು ಅವಳಿಗೆ ಗೊತ್ತಾಯಿತು. ಪಾಠ ಹೇಳಿದ ಗುರುವಿಲ್ಲ. ತಟ್ಟೆಗಳೇ ಗುರು.

ಅದೇ ವರ್ಷಗಳಲ್ಲಿ ಇಂಗ್ಲೆಂಡಿನಲ್ಲೂ ಇಂಥದ್ದೇ ನಡೆಯುತ್ತಿತ್ತು. ಅಲೆಕ್ಸಿಸ್ ಕಾರ್ನರ್, ಜಾನ್ ಮಾಯಲ್ ಮುಂತಾದವರು ಅಮೆರಿಕದಿಂದ ಬಂದ ಕಪ್ಪು ಗಾಯಕರ ತಟ್ಟೆಗಳನ್ನು ಕೇಳಿ, ಆ ಹಾಡುಗಳನ್ನೇ ಹಾಡುವ ತಂಡಗಳನ್ನು ಕಟ್ಟುತ್ತಿದ್ದರು. ರೋಲಿಂಗ್ ಸ್ಟೋನ್ಸ್ ತಂಡದವರು ಹೆಸರನ್ನೂ ಮಡ್ಡಿ ವಾಟರ್ಸ್ ಅವರ ಹಾಡೊಂದರಿಂದಲೇ ತೆಗೆದುಕೊಂಡರು. ಅಮೆರಿಕದ ಬಿಳಿಯ ಮಕ್ಕಳಲ್ಲಿ ಎಷ್ಟೋ ಜನ ತಮ್ಮ ಪಕ್ಕದ ಬೀದಿಯ ಸಂಗೀತವನ್ನು ಮೊದಲು ಕೇಳಿದ್ದು ಲಂಡನ್ ಸುತ್ತಿ ಬಂದ ಮೇಲೆ. ಜಾನಿಸ್‌ಗೆ ಆ ಸುತ್ತು ಬೇಕಾಗಲಿಲ್ಲ.

1962ರಲ್ಲಿ ಅವಳು ಆಸ್ಟಿನ್‌ನ ಟೆಕ್ಸಸ್ ವಿಶ್ವವಿದ್ಯಾಲಯ ಸೇರಿದಳು. ಊರಾಚೆ ಕೆನೆತ್ ತ್ರೆಡ್‌ಗಿಲ್ ಎಂಬ ಹಿರಿಯರು ಪೆಟ್ರೋಲ್ ಬಂಕ್ ಒಂದನ್ನೇ ಬಿಯರ್ ಅಂಗಡಿ ಮಾಡಿಕೊಂಡು, ಬಂದವರಿಗೆ ಹಾಡಲು ಜಾಗ ಕೊಡುತ್ತಿದ್ದರು. ಅಲ್ಲಿ ಜಾನಿಸ್ ಹಾಡಿದಳು. ಮೆಚ್ಚಿದವರಿದ್ದರು. ಆದರೆ ಕಾಲೇಜಿನಲ್ಲಿ, ಅತಿ ಕುರೂಪಿ ಗಂಡಸು ಯಾರು ಎಂದು ಆರಿಸುವ ವಿದ್ಯಾರ್ಥಿಗಳ ತಮಾಷೆ ಸ್ಪರ್ಧೆಗೆ ಯಾರೋ ಅವಳ ಹೆಸರನ್ನು ಸೇರಿಸಿದರು. ಆ ಗಾಯ ಆರಲಿಲ್ಲ ಎಂದು ಅವಳನ್ನು ಬಲ್ಲವರು ಹೇಳುತ್ತಾರೆ. 1963ರ ಜನವರಿಯಲ್ಲಿ ಗೆಳೆಯ ಚೆಟ್ ಹೆಲ್ಮ್ಸ್ ಜೊತೆ ರಸ್ತೆ ಬದಿಯಲ್ಲಿ ನಿಂತು, ಸಿಕ್ಕಿದ ವಾಹನಕ್ಕೆ ಕೈ ಅಡ್ಡ ಹಿಡಿಯುತ್ತಾ ಸುಮಾರು 50 ಗಂಟೆ ಪ್ರಯಾಣ ಮಾಡಿ ಸ್ಯಾನ್ ಫ್ರಾನ್ಸಿಸ್ಕೋಗೆ ಬಂದಳು. ನಾರ್ತ್ ಬೀಚಿನ ಕಾಫಿ ಅಂಗಡಿಗಳಲ್ಲಿ ಹಾಡಿದಳು. ನಾನು ಮೊದಲು ಹೇಳಿದ ಸಾಂಟಾ ಕ್ಲಾರಾ ಟೇಪ್ ಈ ದಿನಗಳದು.

ಆದರೆ ಈ ದಿನಗಳಲ್ಲೇ ಮಾದಕ ವಸ್ತುವಿನ ಚಟ ಹಿಡಿಯಿತು. 1965ರ ಹೊತ್ತಿಗೆ ಮೈಯಲ್ಲಿ ಮೂಳೆ ಚರ್ಮ ಮಾತ್ರ ಉಳಿದಿತ್ತು. ಗೆಳೆಯರೇ ಹಣ ಕೂಡಿಸಿ ಅವಳನ್ನು ಬಸ್ಸು ಹತ್ತಿಸಿ ಊರಿಗೆ ಕಳಿಸಿದರು. ಪೋರ್ಟ್ ಆರ್ಥರ್‌ನಲ್ಲಿ ಒಂದು ವರ್ಷ ಅವಳು ತಾಯಿ ಬಯಸಿದ ಮಗಳಾಗಿ ಇರಲು ನೋಡಿದಳು. ಕೂದಲನ್ನು ಎತ್ತಿ ಕಟ್ಟಿ, ಸೀದಾಸಾದಾ ಬಟ್ಟೆ ತೊಟ್ಟು ಮತ್ತೆ ಕಾಲೇಜಿಗೆ ಹೋದಳು. ಕುಡಿತ, ಚಟ ಎರಡನ್ನೂ ದೂರವಿಟ್ಟಳು. ಮದುವೆ ನಿಶ್ಚಯವಾಯಿತು, ಆ ಹುಡುಗ ಮಾತು ತಪ್ಪಿಸಿದ. ಹಾಡಿಗೆ ಹೋದರೆ ಚಟವೂ ಹಿಂದೆಯೇ ಬರುತ್ತದೆ ಎಂಬ ಹೆದರಿಕೆ ಅವಳಿಗೇ ಇತ್ತು. ಆ ಹೆದರಿಕೆ ಸುಳ್ಳಾಗಲಿಲ್ಲ.

ಅಷ್ಟರಲ್ಲಿ ಇಲ್ಲಿ ಚೆಟ್ ಹೆಲ್ಮ್ಸ್ ಒಂದು ತಂಡದ ಮೇಲ್ವಿಚಾರಣೆ ವಹಿಸಿಕೊಂಡಿದ್ದ. ಹೆಸರು ಬಿಗ್ ಬ್ರದರ್ ಅಂಡ್ ದಿ ಹೋಲ್ಡಿಂಗ್ ಕಂಪನಿ. ಹೆಸರು ಕೇಳಿದರೆ ಷೇರು ಮಾರುಕಟ್ಟೆಯ ನೆನಪಾದೀತು, ಇದ್ದವರು ನಾಲ್ಕು ಜನ ಉದ್ದಗೂದಲಿನ ಹುಡುಗರು: ಸ್ಯಾಮ್ ಆಂಡ್ರ್ಯೂ, ಜೇಮ್ಸ್ ಗರ್ಲಿ, ಪೀಟರ್ ಆಲ್ಬಿನ್, ಡೇವ್ ಗೆಟ್ಜ್. ಅವರಿಗೊಬ್ಬಳು ಗಾಯಕಿ ಬೇಕಿತ್ತು. ಜಾನಿಸ್‌ಗೆ ಕರೆ ಹೋಯಿತು. 1966ರ ಜೂನ್ 10ರಂದು ಸಟರ್ ಮತ್ತು ವ್ಯಾನ್ ನೆಸ್ ರಸ್ತೆಗಳು ಕೂಡುವಲ್ಲಿದ್ದ ಅವಲಾನ್ ಬಾಲ್‌ರೂಮಿನಲ್ಲಿ ಅವಳು ಈ ತಂಡದ ಜೊತೆ ಮೊದಲ ಸಲ ಹಾಡಿದಳು. ಅಂದಿನಿಂದ ಅವಳು ಬದುಕಿದ್ದು ನಾಲ್ಕು ವರ್ಷ ನಾಲ್ಕು ತಿಂಗಳು. ನಮಗೆ ಗೊತ್ತಿರುವ ಜಾನಿಸ್ ಅಷ್ಟೂ ಇಷ್ಟರೊಳಗೇ.

ಈ ಹುಡುಗಿ ಸುಮ್ಮನೆ ಕಿರುಚುತ್ತಿದ್ದಳು ಎಂದು ಹೇಳುವವರಿದ್ದಾರೆ. ಅವರಿಗೆ ಒಂದು ಮಾತು. 1966ರ ಡಿಸೆಂಬರಿನಲ್ಲಿ ಓಟಿಸ್ ರೆಡ್ಡಿಂಗ್ ಫಿಲ್‌ಮೋರ್ ಸಭಾಂಗಣದಲ್ಲಿ ಮೂರು ರಾತ್ರಿ ಹಾಡಿದರು. ಮೂರು ದಿನವೂ ಜಾನಿಸ್ ಬಾಗಿಲು ತೆರೆಯುವ ಮೊದಲೇ ಬಂದು, ವೇದಿಕೆಯ ಮುಂದೆ ಜಾಗ ಹಿಡಿದು, ಅವರು ಒಂದೊಂದು ಪದವನ್ನೂ ಹೇಗೆ ಒಡೆಯುತ್ತಾರೆ, ಎಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ ಎಂದು ಗಮನಿಸಿದಳು. ನಮ್ಮಲ್ಲಿ ಕಛೇರಿಗೆ ಹೋಗಿ ಮುಂದಿನ ಸಾಲಿನಲ್ಲಿ ಕೂತು ವಿದ್ವಾಂಸರ ಬಾಯನ್ನೇ ನೋಡುವ ಶಿಷ್ಯರ ಹಾಗೆ.

ಇನ್ನು ಬಿಗ್ ಮಾಮಾ ಥಾರ್ನ್‌ಟನ್ ಅವರ ವಿಷಯ. ನಿಜ ಹೆಸರು ವಿಲ್ಲಿ ಮೇ ಥಾರ್ನ್‌ಟನ್, 1926ರಲ್ಲಿ ಅಲಬಾಮಾದಲ್ಲಿ ಹುಟ್ಟಿದವರು. ಆಜಾನುಬಾಹು ಹೆಂಗಸು, ಹಾರ್ಮೋನಿಕಾ, ಡ್ರಮ್ಸ್ ಎರಡನ್ನೂ ನುಡಿಸಬಲ್ಲವರು. 'ಹೌಂಡ್ ಡಾಗ್' ಎಂಬ ಹಾಡನ್ನು ಮೊದಲು ಹಾಡಿದವರು ಅವರೇ. 1953ರಲ್ಲಿ ಅದು ಹೊರಬಂತು. ಮೂರು ವರ್ಷದ ನಂತರ ಎಲ್ವಿಸ್ ಪ್ರೀಸ್ಲಿ ಅದನ್ನು ಹಾಡಿ ಲೋಕಪ್ರಸಿದ್ಧನಾದ. 1960ರ ದಶಕದ ಆರಂಭದಲ್ಲಿ ಥಾರ್ನ್‌ಟನ್ ಬೇ ಏರಿಯಾಗೆ ಬಂದು ಸಣ್ಣ ಸಣ್ಣ ಕ್ಲಬ್ಬುಗಳಲ್ಲಿ ಹಾಡುತ್ತಿದ್ದರು. ಸ್ಯಾನ್ ಫ್ರಾನ್ಸಿಸ್ಕೋದ ಡಿವಿಸಡೇರೋ ರಸ್ತೆಯ ಒಂದು ಕ್ಲಬ್ಬಿನಲ್ಲಿ ಅವರು ತಾವೇ ಬರೆದ 'ಬಾಲ್ ಅಂಡ್ ಚೈನ್' ಹಾಡುವುದನ್ನು ಜಾನಿಸ್ ಮತ್ತು ಗೆಳೆಯರು ಕೇಳಿದರು. ಕಾರ್ಯಕ್ರಮ ಮುಗಿದ ಮೇಲೆ ಹಿಂದಿನ ಕೋಣೆಗೆ ಹೋಗಿ, ನಾವಿದನ್ನು ಹಾಡಬಹುದೇ ಎಂದು ಕೇಳಿದರು. ಅವರು ಒಪ್ಪಿದರು.

ಬಿಗ್ ಬ್ರದರ್ ತಂಡ ಆ ಹಾಡನ್ನು ಹಾಗೆಯೇ ಒಪ್ಪಿಸಲಿಲ್ಲ. ಥಾರ್ನ್‌ಟನ್ ಅವರದು ಮೇಜರ್ ಸ್ವರಶ್ರೇಣಿಯಲ್ಲಿ ನಡೆಯುವ, ಸ್ವಲ್ಪ ಗತ್ತಿನ ಹಾಡು. ಇವರು ಅದನ್ನು ಮೈನರ್‌ಗೆ ತಿರುಗಿಸಿ, ಕಾಲವನ್ನು ನಿಧಾನಗೊಳಿಸಿದರು. ನಮ್ಮ ಸಂಗೀತ ಬಲ್ಲವರಿಗೆ ಹೇಳುವುದಾದರೆ, ಶುದ್ಧ ಗಾಂಧಾರವಿದ್ದಲ್ಲಿ ಕೋಮಲ ಗಾಂಧಾರ ಬಂದ ಹಾಗೆ. ಹಾಡಿನ ಮುಖವೇ ಬದಲಾಗುತ್ತದೆ. ಗಿಟಾರ್ ಆರ್ಭಟಿಸಿ ಥಟ್ಟನೆ ನಿಲ್ಲುತ್ತದೆ. ಆ ಮೌನದಲ್ಲಿ ಜಾನಿಸ್ ಒಬ್ಬಳೇ, ಬಹುತೇಕ ಪಿಸುಮಾತಿನಲ್ಲಿ ತೊಡಗಿ, ಒಂದೇ ಪದವನ್ನು ಹಿಡಿದು ತಿರುಗಿಸುತ್ತಾ ಏರುತ್ತಾಳೆ. ಗೊಗ್ಗರು ದನಿ, ಒಡೆದ ದನಿ. ಒಂದೇ ಗಂಟಲಿನಿಂದ ಎರಡು ಸ್ವರ ಒಟ್ಟಿಗೆ ಬಂದಂತೆ ಕೇಳಿಸುತ್ತದೆ. ಮೊದಲ ಸಲ ಕೇಳಿದವರಿಗೆ ಹಿತವೆನಿಸದಿರಬಹುದು. ಎರಡನೆಯ ಸಲ ಕೇಳಿ ನೋಡಿ.

1967ರ ಜೂನ್ 16ರಿಂದ 18ರವರೆಗೆ ಮಾಂಟೆರೆಯಲ್ಲಿ ದೊಡ್ಡ ಸಂಗೀತೋತ್ಸವ ನಡೆಯಿತು. ಶನಿವಾರ ಮಧ್ಯಾಹ್ನ ಜಾನಿಸ್ 'ಬಾಲ್ ಅಂಡ್ ಚೈನ್' ಹಾಡಿದಾಗ ಜನ ದಂಗಾದರು. ಆದರೆ ತಂಡದ ಆಗಿನ ವ್ಯವಸ್ಥಾಪಕ ಒಪ್ಪದ ಕಾರಣ ಅದರ ಚಿತ್ರೀಕರಣ ಆಗಿರಲಿಲ್ಲ. ಆ ಅವಕಾಶ ಕಳೆದುಕೊಳ್ಳಬಾರದೆಂದು ಹಟ ಮಾಡಿ, ಭಾನುವಾರ ಸಂಜೆ ಮತ್ತೆ ಹಾಡಿದರು. ಡಿ. ಎ. ಪೆನ್ನೆಬೇಕರ್ ತೆಗೆದ ಚಲನಚಿತ್ರದಲ್ಲಿ ನಾವು ನೋಡುವುದು ಈ ಭಾನುವಾರದ ಹಾಡನ್ನು. ಕೇಳುತ್ತಿದ್ದ ಗಾಯಕಿ ಕ್ಯಾಸ್ ಎಲಿಯಟ್ ಬಾಯಿ ತೆರೆದು ಬೆರಗಾಗಿ ಕೂತದ್ದೂ ಅದರಲ್ಲಿದೆ. ನಮ್ಮವರಿಗೆ ಕುತೂಹಲವೆನಿಸುವ ಸಂಗತಿ ಇನ್ನೊಂದು: ಅದೇ ಭಾನುವಾರ ಮಧ್ಯಾಹ್ನ ಅದೇ ವೇದಿಕೆಯಲ್ಲಿ ಪಂಡಿತ್ ರವಿಶಂಕರ್ ಅವರ ಸಿತಾರ್, ಅಲ್ಲಾ ರಖಾ ಅವರ ತಬಲಾ ನಡೆದಿತ್ತು. ಬಂದ ಕಲಾವಿದರಲ್ಲಿ ಸಂಭಾವನೆ ಪಡೆದವರು ರವಿಶಂಕರ್ ಅವರೊಬ್ಬರೇ, 3000 ಡಾಲರ್. ಉಳಿದವರೆಲ್ಲ ಪುಕ್ಕಟೆ ಹಾಡಿದರು. ಅದೇ ವರ್ಷ ಉಸ್ತಾದ್ ಅಲಿ ಅಕ್ಬರ್ ಖಾನ್ ಅವರ ಸಂಗೀತ ಶಾಲೆ ಬರ್ಕ್‌ಲಿಯಲ್ಲಿ ಶುರುವಾಯಿತು.

ಮಾಂಟೆರೆಯ ನಂತರ ಕೊಲಂಬಿಯಾ ಕಂಪನಿ ಬಂತು, ಬಾಬ್ ಡಿಲನ್ ಅವರ ವ್ಯವಸ್ಥಾಪಕ ಆಲ್ಬರ್ಟ್ ಗ್ರಾಸ್‌ಮನ್ ಬಂದ. 1968ರ ಆಗಸ್ಟಿನಲ್ಲಿ 'ಚೀಪ್ ಥ್ರಿಲ್ಸ್' ಎಂಬ ಆಲ್ಬಂ ಹೊರಬಂತು. ರಾಬರ್ಟ್ ಕ್ರಂಬ್ ಬರೆದ ವ್ಯಂಗ್ಯಚಿತ್ರಗಳ ಹೊದಿಕೆ. ಎಂಟು ವಾರ ಅದು ಅಮೆರಿಕದಲ್ಲಿ ಮೊದಲ ಸ್ಥಾನದಲ್ಲಿತ್ತು. ಅದರ ಏಳು ಹಾಡುಗಳಲ್ಲಿ ಕವರ್‌ಗಳು ಮೂರು. ಆ ಮೂರರಿಂದಲೇ ಆಲ್ಬಂ ಇಂದಿಗೂ ನೆನಪಿನಲ್ಲಿದೆ.

ಒಂದು 'ಸಮ್ಮರ್‌ಟೈಮ್'. ಜಾರ್ಜ್ ಗರ್ಶ್ವಿನ್ 1935ರ ಸಂಗೀತ ನಾಟಕಕ್ಕೆ ಮಾಡಿದ ಜೋಗುಳ. ಸ್ಯಾಮ್ ಆಂಡ್ರ್ಯೂ ಇದಕ್ಕೆ ಬಾಖ್ ಶೈಲಿಯ ಗಿಟಾರ್ ಹೆಣೆದ. ಎರಡನೆಯದು 'ಪೀಸ್ ಆಫ್ ಮೈ ಹಾರ್ಟ್'. ಬರೆದವರು ಜೆರಿ ರಾಗೊವೊಯ್ ಮತ್ತು ಬರ್ಟ್ ಬರ್ನ್ಸ್. 1967ರಲ್ಲಿ ಮೊದಲು ಹಾಡಿದವರು ಎರ್ಮಾ ಫ್ರಾಂಕ್ಲಿನ್, ಪ್ರಸಿದ್ಧ ಗಾಯಕಿ ಅರೀತಾ ಫ್ರಾಂಕ್ಲಿನ್ ಅವರ ಅಕ್ಕ. ಎರ್ಮಾ ಅವರ ಹಾಡು ಕಪ್ಪು ಶ್ರೋತೃಗಳ ಪಟ್ಟಿಯಲ್ಲಿ ಹತ್ತನೆಯ ಸ್ಥಾನಕ್ಕೆ ಏರಿದರೂ ಎಲ್ಲರ ಪಟ್ಟಿಯಲ್ಲಿ 62ರಲ್ಲೇ ನಿಂತಿತು. ಜಾನಿಸ್ ಹಾಡಿದ್ದು ಅದೇ ಪಟ್ಟಿಯಲ್ಲಿ 12ಕ್ಕೆ ಹೋಯಿತು. ಕಾರಿನ ರೇಡಿಯೋದಲ್ಲಿ ಜಾನಿಸ್ ಹಾಡಿದ್ದನ್ನು ಮೊದಲು ಕೇಳಿದಾಗ ಅದು ತಮ್ಮದೇ ಹಾಡು ಎಂದು ಎರ್ಮಾ ಅವರಿಗೆ ಗುರುತೇ ಸಿಗಲಿಲ್ಲವಂತೆ. ಎರ್ಮಾ ಹಾಡಿದ್ದು ಮನಸ್ಸು ಮುರಿದವಳೊಬ್ಬಳು ಗಾಂಭೀರ್ಯ ಬಿಡದೆ ಹೇಳಿದ ಮಾತಿನಂತಿದೆ. ಜಾನಿಸ್‌ದು ಬೀದಿಯಲ್ಲಿ ನಿಂತು ಕೂಗಿ ಹೇಳಿದಂತೆ. ನನಗೆ ಎರ್ಮಾ ಅವರದೇ ಒಂದು ಗುಲಗಂಜಿ ಹೆಚ್ಚು ಇಷ್ಟ.

ಮೂರನೆಯದು 'ಬಾಲ್ ಅಂಡ್ ಚೈನ್'. ಆಲ್ಬಂ ತುಂಬ ಜನರ ಗದ್ದಲ ಕೇಳಿಸಿದರೂ ನಿಜವಾಗಿ ಸಭೆಯಲ್ಲಿ ಮುದ್ರಿಸಿದ್ದು ಇದೊಂದನ್ನೇ. ಉಳಿದವುಗಳಿಗೆ ಚಪ್ಪಾಳೆಯನ್ನು ಸ್ಟುಡಿಯೋದಲ್ಲಿ ಸೇರಿಸಿದ್ದು. ತಟ್ಟೆಗಳು ಲಕ್ಷಗಟ್ಟಲೆ ಮಾರಾಟವಾದವು. ಆದರೆ ಥಾರ್ನ್‌ಟನ್ ಈ ಹಾಡನ್ನು ವರ್ಷಗಳ ಹಿಂದೆ ಬೇ-ಟೋನ್ ಎಂಬ ಸಣ್ಣ ಕಂಪನಿಗೆ ಹಾಡಿಕೊಟ್ಟಿದ್ದರು. ಕಂಪನಿ ಅದನ್ನು ಹೊರಗೆ ತರಲೂ ಇಲ್ಲ, ಹಕ್ಕನ್ನು ಬಿಡಲೂ ಇಲ್ಲ. ಹೀಗಾಗಿ ತಮ್ಮದೇ ಹಾಡಿನಿಂದ ಸಿಗಬೇಕಾದಷ್ಟು ಹಣ ಅದನ್ನು ಬರೆದವರಿಗೆ ಸಿಗಲಿಲ್ಲ. ಕಾಗದಕ್ಕೆ ಸಹಿ ಹಾಕುವ ಮೊದಲು ಓದಬೇಕು ಎಂದು ಇಲ್ಲಿನ ಪ್ರತಿ ಮನೆಯಲ್ಲೂ ಹೇಳುತ್ತೇವೆ. ಓದಿ ಹೇಳುವ ವಕೀಲರನ್ನು ಇಟ್ಟುಕೊಳ್ಳುವ ಅನುಕೂಲ ಆಗಿನ ಕಪ್ಪು ಗಾಯಕಿಗೆ ಎಲ್ಲಿತ್ತು?

ಇದರಲ್ಲಿ ಜಾನಿಸ್ ತಪ್ಪೆಷ್ಟು? ಅವಳು ಕೇಳಿಯೇ ಹಾಡಿದಳು. ಸಂದರ್ಶನಗಳಲ್ಲಿ ಬೆಸ್ಸಿ ಸ್ಮಿತ್, ಒಡೆಟ್ಟಾ, ಓಟಿಸ್ ರೆಡ್ಡಿಂಗ್ ಇವರಿಂದ ಕಲಿತೆ ಎಂದು ಹೇಳುತ್ತಿದ್ದಳು. ಆದರೂ ಬಿಳಿಯ ಹುಡುಗಿ ಹಾಡಿದರೆ ರೇಡಿಯೋ ಬಾಗಿಲು ತೆರೆಯುತ್ತಿತ್ತು, ಅದೇ ಹಾಡನ್ನು ಬರೆದವರಿಗೆ ತೆರೆಯುತ್ತಿರಲಿಲ್ಲ ಎಂಬುದು ಅವಳ ಕೀರ್ತಿಯ ಒಂದು ಭಾಗ. ಇದನ್ನು ಬಿಟ್ಟು ಅವಳ ಕಥೆ ಹೇಳಿದರೆ ಅರ್ಧ ಹೇಳಿದಂತೆ.

ಈ ಲೆಕ್ಕವನ್ನು ಅವಳೇ ಒಮ್ಮೆ ಎದುರಿಸಬೇಕಾಯಿತು. 1968ರ ಡಿಸೆಂಬರಿನಲ್ಲಿ ಬಿಗ್ ಬ್ರದರ್ ತಂಡ ಬಿಟ್ಟು, ತುತ್ತೂರಿ, ಸ್ಯಾಕ್ಸೊಫೋನ್ ಇದ್ದ ಹೊಸ ತಂಡ ಕಟ್ಟಿದಳು. ಮೂರು ವಾರದ ತಾಲೀಮಿನ ನಂತರ ಡಿಸೆಂಬರ್ 21ರಂದು ಮೆಂಫಿಸ್‌ಗೆ ಹೋದಳು. ಅದು ಸ್ಟ್ಯಾಕ್ಸ್ ಕಂಪನಿಯ ಊರು. ಓಟಿಸ್ ರೆಡ್ಡಿಂಗ್ ಆ ಕಂಪನಿಗೇ ಹಾಡುತ್ತಿದ್ದದ್ದು. ಒಂದು ವರ್ಷದ ಹಿಂದೆ ವಿಮಾನ ಅಪಘಾತದಲ್ಲಿ ಅವರು ತೀರಿಕೊಂಡಿದ್ದರು. ಆ ಸಂಗೀತವನ್ನು ಹುಟ್ಟಿನಿಂದ ಬಲ್ಲ ಜನರ ಮುಂದೆ ಜಾನಿಸ್ ಹಾಡಿದಳು. ಚಪ್ಪಾಳೆ ಬರಲಿಲ್ಲ. ಮತ್ತೆ ಕರೆಯಲೂ ಇಲ್ಲ. 1969ರ ಮಾರ್ಚ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲೂ ಜನ ತಣ್ಣಗಿದ್ದರು. ಹಳೆಯ ತಂಡಕ್ಕೆ ಹಿಂತಿರುಗುವುದು ಒಳ್ಳೆಯದು ಎಂದು ಕ್ರಾನಿಕಲ್ ಪತ್ರಿಕೆಯಲ್ಲಿ ರಾಲ್ಫ್ ಗ್ಲೀಸನ್ ಬರೆದರು. ನಮ್ಮೂರಿನವರೇ ಹೀಗೆಂದದ್ದು ಅವಳಿಗೆ ತುಂಬ ನೋವು ಕೊಟ್ಟಿತು.

ಯುರೋಪಿನಲ್ಲಿ ಬೇರೆಯೇ ಅನುಭವ. ಏಪ್ರಿಲ್ 21ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಬಿಗುಮಾನದ ಇಂಗ್ಲಿಷರು ಎದ್ದು ಕುಣಿದರು. ಆ ವರ್ಷದ ಸೆಪ್ಟೆಂಬರಿನಲ್ಲಿ ಬಂದ ಆಲ್ಬಮ್ಮಿನಲ್ಲಿ ಬೀ ಜೀಸ್ ಸೋದರರ 'ಟು ಲವ್ ಸಮ್‌ಬಡಿ' ಇದೆ. 'ಲಿಟ್ಲ್ ಗರ್ಲ್ ಬ್ಲೂ' ಎಂಬ 1935ರ ನಾಟಕದ ಹಾಡೂ ಇದೆ. ಇದನ್ನು ಅವಳು ಎಷ್ಟು ಮೆತ್ತಗೆ ಹಾಡಿದ್ದಾಳೆಂದರೆ, ಕಿರುಚುಗಾರ್ತಿ ಎಂದವರು ಇದೊಂದನ್ನು ಕೇಳಿದರೂ ಸಾಕು. ವುಡ್‌ಸ್ಟಾಕ್ ಉತ್ಸವದಲ್ಲೂ ಹಾಡಿದಳು, ಆದರೆ ಗಂಟೆಗಟ್ಟಲೆ ಕಾದು, ಕುಡಿದು ದಣಿದಿದ್ದ ಆ ರಾತ್ರಿ ಅವಳ ಒಳ್ಳೆಯ ಹಾಡುಗಾರಿಕೆಯಲ್ಲ. ಆ ಹೊತ್ತಿಗೆ ಹೆರಾಯಿನ್ ಹಿಡಿದಿತ್ತು.

1970ರಲ್ಲಿ ಅವಳು ಮೇಲೇಳಲು ನೋಡಿದಳು. ಗೋಲ್ಡನ್ ಗೇಟ್ ಸೇತುವೆಯಾಚೆ ಲಾರ್ಕ್ಸ್‌ಪರ್‌ನಲ್ಲಿ ರೆಡ್‌ವುಡ್ ಮರಗಳ ನಡುವೆ ಮನೆ ಕೊಂಡಿದ್ದಳು. ಕೆಲವು ತಿಂಗಳು ಚಟ ಬಿಟ್ಟಳು. ಫುಲ್ ಟಿಲ್ಟ್ ಬೂಗಿ ಎಂಬ ಹೊಸ ತಂಡ ಅವಳಿಗೆ ಹೊಂದಿಕೊಂಡಿತು. ಆ ಆಗಸ್ಟಿನಲ್ಲಿ ಎರಡು ಘಟನೆ ನಡೆದವು. ಒಂದು, ಪೋರ್ಟ್ ಆರ್ಥರ್‌ನಲ್ಲಿ ಹೈಸ್ಕೂಲು ಸಹಪಾಠಿಗಳು ಹತ್ತು ವರ್ಷದ ನಂತರ ಸೇರಿದಾಗ ಅವಳೂ ಹೋದಳು. ಗೆದ್ದು ಬಂದವಳೆಂದು ತೋರಿಸುವ ಆಸೆ ಇತ್ತು. ಹಳೆಯ ನೋವು ಮತ್ತೆ ಎದ್ದು ಬಂದದ್ದೇ ಲಾಭ.

ಇನ್ನೊಂದು ಬೆಸ್ಸಿ ಸ್ಮಿತ್ ಅವರದು. 1937ರಲ್ಲಿ ಮಿಸಿಸಿಪಿಯಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡ ಬೆಸ್ಸಿ ಅವರನ್ನು ಫಿಲಡೆಲ್ಫಿಯಾ ಹತ್ತಿರದ ಶಾರನ್ ಹಿಲ್‌ನಲ್ಲಿ ಮಣ್ಣು ಮಾಡಿದ್ದರು. ಅಂತ್ಯಕ್ರಿಯೆಗೆ ಸಾವಿರಾರು ಜನ ಸೇರಿದ್ದರೂ ಸಮಾಧಿಗೆ ಹೆಸರಿನ ಕಲ್ಲು ಇಡಲಿಲ್ಲ. ಹೀಗೆ 33 ವರ್ಷ ಕಳೆಯಿತು. ಅಲ್ಲಿನ ಪತ್ರಿಕೆಗೆ ಓದುಗರೊಬ್ಬರು ಈ ಬಗ್ಗೆ ಬರೆದರು. ಕಲ್ಲಿನ ಖರ್ಚನ್ನು ಇಬ್ಬರು ಹಂಚಿಕೊಂಡರು: ಚಿಕ್ಕಂದಿನಲ್ಲಿ ಬೆಸ್ಸಿ ಅವರ ಮನೆಗೆಲಸ ಮಾಡಿದ್ದ ಹ್ವಾನಿಟಾ ಗ್ರೀನ್, ಮತ್ತು ಜಾನಿಸ್. 1970ರ ಆಗಸ್ಟಿನಲ್ಲಿ ಆ ಸಮಾಧಿಯ ಮೇಲೆ ಬೆಸ್ಸಿ ಸ್ಮಿತ್ ಎಂಬ ಹೆಸರು ಕೆತ್ತಿದ ಕಲ್ಲು ನಿಂತಿತು. ಖರ್ಚು ಹೆಚ್ಚೇನಲ್ಲ, ಕೆಲವು ನೂರು ಡಾಲರ್.

ಸೆಪ್ಟೆಂಬರಿನಲ್ಲಿ ಲಾಸ್ ಏಂಜಲೀಸ್‌ನ ಸನ್‌ಸೆಟ್ ಸೌಂಡ್ ಸ್ಟುಡಿಯೋದಲ್ಲಿ ಪಾಲ್ ರಾಥ್‌ಚೈಲ್ಡ್ ನಿರ್ದೇಶನದಲ್ಲಿ 'ಪರ್ಲ್' ಆಲ್ಬಮ್ಮಿನ ಕೆಲಸ ಶುರುವಾಯಿತು. ಇಲ್ಲಿ ಅವಳು ಹಾಡನ್ನು ಹೊಸೆಯುವುದನ್ನು ಪೂರ್ತಿ ಕಲಿತಿದ್ದಾಳೆ ಎನಿಸುತ್ತದೆ. ಕ್ರಿಸ್ ಕ್ರಿಸ್ಟಾಫರ್‌ಸನ್ ಬರೆದ 'ಮಿ ಅಂಡ್ ಬಾಬಿ ಮಗೀ' ಹಾಡನ್ನೇ ತೆಗೆದುಕೊಳ್ಳಿ. ಮೊದಲು ಹಾಡಿದವನು ರೋಜರ್ ಮಿಲ್ಲರ್, 1969ರಲ್ಲಿ. ಜೊತೆಯಾಗಿ ದಾರಿ ಸವೆಸಿದ ಹುಡುಗಿಯನ್ನು ಕಳೆದುಕೊಂಡ ಗಂಡಸಿನ ಹಾಡದು. ಅವರಿಬ್ಬರು ಅಗಲುವುದು ನಮ್ಮ ಪಕ್ಕದ ಸಲೀನಾಸ್ ಹತ್ತಿರ. ಜಾನಿಸ್ ಅದನ್ನು ಹೆಣ್ಣಿನ ಬಾಯಿಗೆ ತಂದಳು. ಸುಮ್ಮನೆ ಕಥೆ ಹೇಳುವಂತೆ ತೊಡಗುತ್ತಾಳೆ, ಕೊನೆಗೆ ಪದಗಳೇ ಉಳಿಯದೆ ಬರೀ ಲಾ ಲಾ ಎಂದು ಹಾಡುತ್ತಾಳೆ. ಅವಳು ಇದನ್ನು ಮುದ್ರಿಸಿದ್ದಾಳೆಂದು ಬರೆದವನಿಗೆ ತಿಳಿದದ್ದು ಅವಳು ಹೋದ ಮೇಲೆ.

ಅಕ್ಟೋಬರ್ 1ರಂದು 'ಮರ್ಸಿಡಿಸ್ ಬೆಂಜ್' ಎಂಬ ತಮಾಷೆಯ ಹಾಡನ್ನು ವಾದ್ಯವೇ ಇಲ್ಲದೆ ಒಂದೇ ಸಲಕ್ಕೆ ಹಾಡಿದಳು. ದೇವರೇ ನನಗೊಂದು ಕಾರು ಕೊಡಿಸು ಎಂದು ಬೇಡುವ ಈ ಹಾಡು ಅವಳದೇ, ಸ್ಯಾನ್ ಫ್ರಾನ್ಸಿಸ್ಕೋದ ಕವಿ ಮೈಕಲ್ ಮಕ್‌ಕ್ಲೂರ್ ಅವರ ಸಾಲೊಂದರಿಂದ ಹುಟ್ಟಿದ್ದು. ಅಕ್ಟೋಬರ್ 4, ಭಾನುವಾರ, ನಿಕ್ ಗ್ರೇವನೈಟಿಸ್ ಬರೆದ ಹಾಡಿಗೆ ಧ್ವನಿ ಕೊಡಬೇಕಿತ್ತು. ಅವಳು ಸ್ಟುಡಿಯೋಗೆ ಬರಲಿಲ್ಲ. ತಂಡದ ವ್ಯವಸ್ಥೆ ನೋಡಿಕೊಳ್ಳುತ್ತಿದ್ದ ಜಾನ್ ಕುಕ್, ಅವಳು ಇಳಿದುಕೊಂಡಿದ್ದ ಲ್ಯಾಂಡ್‌ಮಾರ್ಕ್ ಹೋಟೆಲಿಗೆ ಹೋಗಿ ನೋಡಿದಾಗ ಕೋಣೆಯಲ್ಲಿ ಅವಳು ಸತ್ತು ಬಿದ್ದಿದ್ದಳು. ಹೆರಾಯಿನ್ ಹೆಚ್ಚಾಗಿತ್ತು. ಜಿಮಿ ಹೆಂಡ್ರಿಕ್ಸ್ ಸತ್ತು 16 ದಿನ ಆಗಿತ್ತು, ಅವನಿಗೂ 27. ಮನೆಯಲ್ಲಿ ಹದಿಹರೆಯದ ಮಕ್ಕಳಿರುವವರು ಈ ಭಾಗವನ್ನು ಹೇಳದೆ ಬಿಡಬೇಡಿ. ಚಟ ಅವಳ ಹಾಡನ್ನು ಬೆಳೆಸಿತು ಎಂಬ ಮಾತು ಅಲ್ಲಲ್ಲಿ ಕೇಳಿಬರುತ್ತದೆ. ಸಾಂಟಾ ಕ್ಲಾರಾ ಟೇಪಿನಲ್ಲಿ, ಕೈಯಲ್ಲಿ ಏನೂ ಇಲ್ಲದ 21ರ ವಯಸ್ಸಿನಲ್ಲೇ ಆ ದನಿ ಪೂರ್ತಿ ಇದೆ.

ಅಸ್ಥಿಯನ್ನು ಮರಿನ್ ಕೌಂಟಿಯ ಸ್ಟಿನ್‌ಸನ್ ಬೀಚ್ ಕಡೆ ಸಮುದ್ರದಲ್ಲಿ ಬಿಟ್ಟರು. ತನ್ನ ಗೆಳೆಯರು ಸೇರಿ ಊಟ ಮಾಡಲೆಂದು ಉಯಿಲಿನಲ್ಲಿ 2500 ಡಾಲರ್ ಎತ್ತಿಟ್ಟಿದ್ದಳು. ಸ್ಯಾನ್ ಆನ್ಸೆಲ್ಮೋದಲ್ಲಿ ಆ ಕೂಟ ನಡೆಯಿತು. 'ಪರ್ಲ್' 1971ರ ಜನವರಿಯಲ್ಲಿ ಹೊರಬಂದು ಒಂಬತ್ತು ವಾರ ಮೊದಲ ಸ್ಥಾನದಲ್ಲಿತ್ತು. ಅವಳು ಹಾಡದೆ ಉಳಿದ ಹಾಡನ್ನು ವಾದ್ಯಗಳಷ್ಟೇ ನುಡಿಸಿದಂತೆ ಅದರಲ್ಲಿ ಸೇರಿಸಿದರು. 'ಮಿ ಅಂಡ್ ಬಾಬಿ ಮಗೀ' ಮಾರ್ಚ್‌ನಲ್ಲಿ ಮೊದಲ ಸ್ಥಾನಕ್ಕೆ ಬಂತು. ಹಾಡಿದವರು ಸತ್ತ ಮೇಲೆ ಹೀಗೆ ಅಗ್ರಸ್ಥಾನಕ್ಕೆ ಏರಿದ ಎರಡನೆಯ ಹಾಡು ಅದು. ಮೊದಲನೆಯದು ಓಟಿಸ್ ರೆಡ್ಡಿಂಗ್ ಅವರದು, ನಮ್ಮ ಸಾಸಲಿಟೋದ ದೋಣಿಮನೆಯಲ್ಲಿ ಕೂತು ಬರೆಯತೊಡಗಿದ ಕೊಲ್ಲಿಯ ದಡದ ಹಾಡು.

ಬಿಗ್ ಮಾಮಾ ಥಾರ್ನ್‌ಟನ್ ಅವರು ಜಾನಿಸ್ ನಂತರವೂ 14 ವರ್ಷ ಬದುಕಿದ್ದು, 'ಬಾಲ್ ಅಂಡ್ ಚೈನ್' ಹಾಡುತ್ತಲೇ ಇದ್ದರು. 1984ರ ಜುಲೈನಲ್ಲಿ ಲಾಸ್ ಏಂಜಲೀಸ್‌ನ ಒಂದು ಬಾಡಿಗೆ ಕೋಣೆಯಲ್ಲಿ ತೀರಿಕೊಂಡರು. ಕ್ಲೀವ್‌ಲ್ಯಾಂಡಿನ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಜಾನಿಸ್ ಹೆಸರನ್ನು 1995ರಲ್ಲೇ ಸೇರಿಸಿಕೊಂಡಿತ್ತು. ಥಾರ್ನ್‌ಟನ್ ಅವರ ಹೆಸರು ಅಲ್ಲಿ ಸೇರಿದ್ದು 2024ರಲ್ಲಿ, ಇಂಗ್ಲೆಂಡಿನ ಅಲೆಕ್ಸಿಸ್ ಕಾರ್ನರ್ ಮತ್ತು ಜಾನ್ ಮಾಯಲ್ ಅವರ ಜೊತೆಯಲ್ಲಿ.

ಆಸಕ್ತರು ಕೇಳುವುದಾದರೆ ಥಾರ್ನ್‌ಟನ್ ಅವರ 'ಬಾಲ್ ಅಂಡ್ ಚೈನ್' ಮೊದಲು ಕೇಳಿ. ಅದನ್ನು 1968ರಲ್ಲಿ ಹೊರತಂದದ್ದು ನಮ್ಮ ಬೇ ಏರಿಯಾದ್ದೇ ಆದ ಆರ್‌ಹೂಲಿ ಎಂಬ ಪುಟ್ಟ ಕಂಪನಿ. 2016ರಿಂದ ಅದರ ಸಂಗ್ರಹ ಸ್ಮಿತ್‌ಸೋನಿಯನ್ ಸಂಸ್ಥೆಯ ವಶದಲ್ಲಿದೆ. ಆಮೇಲೆ ಮಾಂಟೆರೆ ಚಿತ್ರದಲ್ಲಿ ಜಾನಿಸ್ ಹಾಡಿದ್ದನ್ನು ನೋಡಿ. ಚಿತ್ರ ಮುಗಿಯುವುದು ರವಿಶಂಕರ್ ಅವರ ಸಿತಾರ್‌ನಿಂದ, ಅದಕ್ಕಾಗಿಯಾದರೂ ಮನೆಯ ಹಿರಿಯರು ಜೊತೆಗೆ ಕೂರುತ್ತಾರೆ.